ಕಂದಕದ ಕಡೆಗೆ ತಿರುಗಿದ ಬಾಣ

ಆನೆ ಕಂದಕದ ತಳದಲ್ಲಿ ಭಾವನಾ ಬಿದ್ದಿದ್ದಳು. ಸೈಕಲ್ಲು ಅವಳ ಮೇಲೆ. ಹೆಲ್ಮೆಟ್ಟು ಎರಡು ಹೋಳು. ಕಾಡಾನೆ ಊರಿಗೆ ನುಗ್ಗದಿರಲೆಂದು ತೋಡಿದ ಕಂದಕ ಅದು. ಆನೆಯೇ ದಾಟಲಾರದ ಆಳಕ್ಕೆ ಮನುಷ್ಯರು ಬಿದ್ದರೆ ಗತಿಯೇನು?

ನೀರಿನ ಕ್ಯಾನು ಕಟ್ಟಿಕೊಂಡು ಹಿಂದೆ ಬೈಕಿನಲ್ಲಿ ಬರುತ್ತಿದ್ದ ಕಿರಣ್‌ಕುಮಾರ ಬೈಕು ಬಿಸುಟು ಕಂದಕದ ಅಂಚಿಗೆ ಓಡಿದ. ಅವಳು ಈ ಕಡೆ ಯಾಕೆ ಬಂದಳು? ದಾರಿ ಎಡಕ್ಕಲ್ಲವೇ?

ಪಿರಿಯಾಪಟ್ಟಣದಿಂದ ಹೆಗ್ಗಡದೇವನಕೋಟೆಯವರೆಗೆ ಡಾಂಬರು ಸೋಕದ ದಾರಿಯೊಂದನ್ನು ಹುಡುಕಿ ಜೋಡಿಸಿದವನು ಅವನೇ. ಗೋಮಾಳದ ದಿಣ್ಣೆಗಳು, ಹೊಗೆಸೊಪ್ಪಿನ ಹೊಲದ ಬದು, ಬಂಡಿ ಜಾಡು, ಜಲ್ಲಿ, ಮಣ್ಣು. ಇಂಥ ದಾರಿಯಲ್ಲಿ ಓಡಿಸಲೆಂದೇ ಮಾಡಿದ ಸೈಕಲ್ಲುಗಳನ್ನು ಹಿಡಿದು ಮೈಸೂರಿನವರು ಬರತೊಡಗಿದ ಮೇಲೆ ದಾರಿ ತೋರಿಸುವುದೇ ಅವನ ಕಸುಬಾಯಿತು. ಹಿಂದಿನ ಸಂಜೆ ಹೋಗಿ ತಿರುವು ತಿರುವಿನಲ್ಲೂ ಸುಣ್ಣದ ಪುಡಿಯಿಂದ ಬಾಣ ಹಾಕಿ ಬರುತ್ತಾನೆ. ಬೆಳಿಗ್ಗೆ ಅವರು ಬಾಣ ನೋಡಿಕೊಂಡು ಹೋಗುತ್ತಾರೆ. ಬಾಣ ತಪ್ಪಿದರೆ ಕಿರಣ ತಪ್ಪಿದ ಹಾಗೆ.

ಈಗ ತಪ್ಪಿತ್ತು. ಮೂರು ದಾರಿ ಕೂಡುವಲ್ಲಿ ಬೆಳ್ಳಗಿನ ಬಾಣ ಬಲಕ್ಕೆ ತಿರುಗಿತ್ತು — ನೇರ ಕಂದಕದ ಇಳಿಜಾರಿಗೆ.

ಭಾವನಾಳನ್ನು ಆಂಬುಲೆನ್ಸ್ ಮೈಸೂರಿಗೆ ಒಯ್ದಿತು. ಪ್ರಜ್ಞೆ ಇರಲಿಲ್ಲ. ಪೊಲೀಸ್ ಜೀಪು ಬರುವ ಹೊತ್ತಿಗೆ ಸೈಕಲ್ಲಿನಲ್ಲಿ ಹಿಂದೆ ಉಳಿದಿದ್ದ ಅವಳ ತಂಗಿ ಚೈತ್ರ ಬಂದು ಕಿರಣನ ಕೆನ್ನೆಗೆ ಬಾರಿಸಿ ಆಗಿತ್ತು.

ಸಬ್‌ಇನ್‌ಸ್ಪೆಕ್ಟರ್ ಯಶೋಧರಾ ನೆರೆದಿದ್ದ ಊರವರೆಲ್ಲರ ಮುಖ ನೋಡಿದಳು. ಒಂದರಲ್ಲೂ ಕರುಣೆ ಇರಲಿಲ್ಲ.

"ಬಾಣ ಹಾಕಿದ್ದು ಯಾರು?"

"ನಾನೇ ಮೇಡಂ. ಆದ್ರೆ ಎಡಕ್ಕೆ ಹಾಕಿದ್ದೆ. ಇದು ನಂದಲ್ಲ."

"ಕುಡಿದಿದ್ದೆಯಾ?"

"ನಾನು ಕುಡಿಯಲ್ಲ."

"ಎಲ್ಲರೂ ಹಾಗೇ ಅನ್ನೋದು," ಎಂದಳು ಚೈತ್ರ. "ಮೇಡಂ, ನಮ್ಮಕ್ಕನ ಬೆನ್ನುಮೂಳೆ ಮುರಿದಿದೆ ಅಂತಿದಾರೆ. ಇವನ ಮೇಲೆ ಕೇಸು ಹಾಕಿ. ಇನ್ನೊಂದು ಸಲ ಯಾರಿಗೂ ದಾರಿ ತೋರಿಸಬಾರದು."

ಕಿರಣ ತಲೆ ತಗ್ಗಿಸಿದ. ಕೇಸಿಗಿಂತ ಆ ಕೊನೆಯ ಮಾತು ಅವನಿಗೆ ನಾಟಿತು. ಈ ಕಸುಬು ಹೋದರೆ ಅವನು ಮತ್ತೆ ಹೊಗೆಸೊಪ್ಪು ಬೇಯಿಸುವ ಒಲೆಗೆ ಸೌದೆ ತಳ್ಳಬೇಕು. ಅದನ್ನಾದರೂ ಮಾಡಿಯಾನು. ಆದರೆ ಜನರನ್ನು ಗುಂಡಿಗೆ ಕಳಿಸಿದವನೆಂಬ ಹೆಸರು ಹೊತ್ತುಕೊಂಡು ಯಾರ ಮುಂದೆ ತಿರುಗುವುದು?

ಗುಂಪಿನಲ್ಲಿ ಒಬ್ಬ ಕ್ಯಾಕರಿಸಿ ಉಗಿದ. ಕುರಿ ಕಾಯುವ ಚಿಕ್ಕಬೀರಯ್ಯ.

"ನೀನು ಇವರ ಕಾಲು ಮುರೀತೀನಿ ಅಂದಿದ್ದೆಯಂತೆ?" ಯಶೋಧರಾ ಅವನತ್ತ ತಿರುಗಿದಳು.

"ಅಂದಿದ್ದೆ ಕಣವ್ವ. ಈಗ್ಲೂ ಅಂತೀನಿ. ಇವ್ರು ನುಗ್ಗಿದ ಏಟ್ಗೆ ನನ್ ಗಬ್ಬದ ಕುರಿ ಬೆದ್ರಿ ಕಂದು ಆಕ್ಬುಡ್ತು. ಯಾರಾದ್ರೂ ಕೇಳುದ್ರಾ?"

"ಅದಕ್ಕೆ ಬಾಣ ತಿರುಗಿಸಿದೆ?"

"ಮುರಿಯೋದಾದ್ರೆ ಎದ್ರುಗೇ ಮುರೀತಿದ್ದೆ. ಸುಣ್ಣದಲ್ ಬರಿಯೋಕ್ ನಾನೇನ್ ಮೇಷ್ಟ್ರಾ?"

ಸೈಕಲ್ಲಿಗೆ ಒರಗಿ ನಿಂತಿದ್ದ ಸೋಮಶೇಖರ್ ಸಣ್ಣಗೆ ನಕ್ಕ. ಮೂವರು ಸವಾರರಲ್ಲಿ ಮೂರನೆಯವನು. ಹೆಗ್ಗಡದೇವನಕೋಟೆ ಕಡೆಯ ಜಮೀನ್ದಾರರ ಮಗ, ಓದಿದವನು. ಬೆಳಿಗ್ಗೆ ಹೊಟ್ಟೆನೋವೆಂದು, ರಾತ್ರಿ ಮೂವರೂ ತಂಗಿದ್ದ ಊರ ಸಮುದಾಯ ಭವನದಲ್ಲೇ ಉಳಿದಿದ್ದವನು ಸುದ್ದಿ ಕೇಳಿ ಬಂದಿದ್ದ.

"ಈ ಊರೇ ಹೀಗೆ ಮೇಡಂ," ಎಂದ. "ನಮ್ಮ ತೋಟದ ಕಡೆಯಿಂದ ದಾರಿ ಮಾಡೋಣ, ಅಲ್ಲೇ ಉಳ್ಕೊಳ್ಳೋಕೆ ರೂಮುಗಳಿವೆ ಅಂತ ಬಡ್ಕೊಂಡೆ. ಭಾವನಾ ಕೇಳ್ಲಿಲ್ಲ. ನೋಡಿ, ದಾರಿ ಮಧ್ಯದಲ್ಲಿ ಏನಿಟ್ಟಿದಾರೆ ಅಂತ. ಇನ್ನೂ ಯಾವ ಕಾಲದಲ್ಲಿದಾರೋ."

ಕೂಡುದಾರಿಯ ನಡುವೆ ಒಂದು ಹಳೆಯ ಮೊರವಿತ್ತು. ಅದರಲ್ಲಿ ಹೋಳು ಮಾಡಿದ ನಿಂಬೆಹಣ್ಣು, ಒಣಮೆಣಸಿನಕಾಯಿ, ಇದ್ದಿಲು, ಕುಂಕುಮ. ಯಾರಿಗೋ ದೃಷ್ಟಿ ತೆಗೆದು ತಂದಿಟ್ಟದ್ದು. ಟೇಪು ಹಿಡಿದು ಅಳೆಯುತ್ತಿದ್ದ ಕಾನ್‌ಸ್ಟೇಬಲ್ ಶಂಕರ್ ಕೂಡ ಅದನ್ನು ದೂರದಿಂದಲೇ ಬಳಸಿಕೊಂಡು ಹೋಗಿದ್ದ. ಖಾಕಿ ಹಾಕಿಕೊಂಡ ಮಾತ್ರಕ್ಕೆ ಅಂಥದ್ದನ್ನು ಮುಟ್ಟಲಾಗುತ್ತದೆಯೇ?

"ಇದು ಯಾರದ್ದು?"

"ನಂದು ಕಣವ್ವ."

ಗುಂಪು ಸೀಳಿಕೊಂಡು ಚಿಕ್ಕಸಿದ್ದಮ್ಮ ಬಂದಳು. ಕಿರಣನ ತಾಯಿ.

"ಮೊಮ್ಮಗಿಗೆ ಮೈ ಕಾಯ್ತಿತ್ತು. ನೆನ್ನೆ ವೊತ್ ಮುಳುಗ್ದೇಟ್ಗೆ ತಂದಿಟ್ಟೆ."

"ಆಗ ಇಲ್ಲಿ ಸುಣ್ಣ ಹಾಕಿತ್ತಾ?"

"ಇತ್ತು. ಯಾವ್ ಕಡೀಕಂತ ನೋಡ್ನಿಲ್ಲ. ಮೂರ್ ದಾರಿ ಮಧ್ಯಕ್ಕೇ ಇಡ್ಬೇಕಲ್ಲ, ಇಟ್ಟು ಬಂದೆ."

"ಯಾರನ್ನಾದರೂ ಕಂಡಿರಾ?"

"ಕಾಣ್ನಿಲ್ಲ. ಕೇಳ್ದೆ. ಇನ್ನೂ ನಾಕೆಜ್ಜೆ ಬಂದಿರ್ನಿಲ್ಲ, ಇಂದ್ಗಡೆ ಟಿಕಟಿಕ ಅಂತು. ಈ ಮೈಸೂರ್ನವ್ರ ಸೈಕಲ್ ತಳ್ಕ ಬಂದ್ರೆ ಬತ್ತದಲ್ಲ, ಆ ಸದ್ದು."

"ಯಾರು ಅಂತ ತಿರುಗಿ ನೋಡಲಿಲ್ವಾ?"

ಚಿಕ್ಕಸಿದ್ದಮ್ಮ ಅವಳನ್ನೇ ದಿಟ್ಟಿಸಿದಳು. "ದೃಷ್ಟಿ ತಗ್ದಿಟ್ ಮ್ಯಾಲೆ ತಿರುಗಿ ನೋಡ್ತಾರಾ? ಮಗೀಗೆ ವಾಪಸ್ ಬತ್ತದೆ."

"ಭಾರೀ ಅನುಕೂಲ," ಎಂದಳು ಚೈತ್ರ. "ಮಗನಿಗೆ ತಾಯಿ ಸಾಕ್ಷಿ. ಅದೂ ನೋಡದೇ ಇರೋ ಸಾಕ್ಷಿ."

ಜನ ಗುಸುಗುಸು ಶುರುಮಾಡಿದರು. ಕಿರಣ ಅವ್ವನ ಕೈ ಹಿಡಿದು ಹಿಂದಕ್ಕೆ ಎಳೆದ. "ಬುಡವ್ವ, ಇವ್ರು ನಂಬಲ್ಲ." ನಂಬದವರ ಮುಂದೆ ಅವ್ವ ಕೈಮುಗಿಯುವುದನ್ನು ಅವನು ನೋಡಲಾರ.

ಯಶೋಧರಾ ಮಾತ್ರ ಮೊರವನ್ನೇ ನೋಡುತ್ತಿದ್ದಳು. ಆಮೇಲೆ ಸವಾರರಿಬ್ಬರಿಗೂ ಹೇಳಿದಳು, "ನಿಮ್ಮ ಸೈಕಲ್ಲುಗಳನ್ನ ಜೀಪಿನ ಹತ್ತಿರ ತನ್ನಿ. ಸ್ಟೇಷನ್ನಿಗೆ ಬೇಕು."

ಜೀಪು ಆಚೆ ಬದಿಯಲ್ಲಿತ್ತು. ಎರಡೂ ಕಡೆ ಲಂಟಾನ ಪೊದೆ, ನಡುವೆ ಇಕ್ಕಟ್ಟಿನ ಹಾದಿ, ಹಾದಿಯಲ್ಲಿ ಮೊರ. ಚೈತ್ರ ಸಿಟ್ಟಿನಲ್ಲೇ ಸೈಕಲ್ಲು ತಳ್ಳಿಕೊಂಡು ಹೋದಳು. ಟಿಕಟಿಕ ಸದ್ದಾಯಿತು. ಗಾಲಿ ಮೊರದ ಅಂಚಿನ ಮೇಲೆ ಹತ್ತಿಳಿಯಿತು. ಅವಳು ಕೆಳಗೆ ನೋಡಲೇ ಇಲ್ಲ.

ಸೋಮಶೇಖರ್ ಮೊರದ ತನಕ ಬಂದು ನಿಂತ. ಸೈಕಲ್ಲನ್ನು ಹೆಗಲಿಗೆತ್ತಿಕೊಂಡ. ಮುಳ್ಳು ತರಚಿದರೂ ಪೊದೆಯೊಳಗೇ ನುಗ್ಗಿ ಆಚೆ ಬದಿಗೆ ಹೋದ.

"ಸೋಮಶೇಖರ್ ಅವರೇ, ಒಂದು ನಿಮಿಷ," ಎಂದಳು ಯಶೋಧರಾ. "ನಿಮಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಅಲ್ವಾ? ಹಾಗಾದ್ರೆ ಆ ಮೊರ ಸ್ವಲ್ಪ ಎತ್ತಿ ಪಕ್ಕಕ್ಕಿಡಿ."

"ನಾನ್ಯಾಕೆ? ನಿಮ್ಮ ಕಾನ್‌ಸ್ಟೇಬಲ್ ಇದಾರಲ್ಲ."

"ಅವರಿಗೆ ಹೆದರಿಕೆ. ಒಪ್ಪಿಕೊಳ್ತಾರೆ. ನೀವು ಎತ್ತಿ."

ಸೋಮಶೇಖರ್ ಬಗ್ಗಿದ. ಕೈ ಚಾಚಿದ. ಬೆರಳು ಮೊರದ ಹತ್ತಿರ ಬಂದು ನಿಂತವು. ಅವನು ಕೈ ಹಿಂತೆಗೆದುಕೊಂಡ.

"ಅಸಹ್ಯ ಆಗುತ್ತೆ. ಕೊಳಕು."

ಯಶೋಧರಾ ತಾನೇ ಬಗ್ಗಿ ಮೊರ ಎತ್ತಿದಳು. ಗುಂಪು ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿಯಿತು.

ಮೊರದ ಕೆಳಗೆ, ಕೆಡದ ಸುಣ್ಣದಲ್ಲಿ, ಬಾಣದ ತಲೆಯೊಂದು ಸ್ಪಷ್ಟವಾಗಿ ಉಳಿದಿತ್ತು. ಅದು ಎಡಕ್ಕೆ ತಿರುಗಿತ್ತು.

"ನೆನ್ನೆ ಸಂಜೆ ಕಿರಣ ಎಡಕ್ಕೇ ಬಾಣ ಹಾಕಿದ," ಎಂದಳು ಯಶೋಧರಾ. "ಗೊತ್ತಿಲ್ಲದೆ ಅವನ ತಾಯಿ ಅದರ ತಲೆ ಮೇಲೆ ಮೊರ ಇಟ್ಟರು. ಆಮೇಲೆ ಬಂದವನು ಹೊರಗೆ ಕಾಣ್ತಿದ್ದ ಬಾಲವನ್ನ ಕಾಲಲ್ಲಿ ಅಳಿಸಿ, ಪಕ್ಕದಲ್ಲಿ ಬಲಕ್ಕೆ ಇನ್ನೊಂದು ಬಾಣ ಹಾಕಿದ. ಮೊರ ಸರಿಸಿ ಒಂದು ಸಲ ಕಾಲಾಡಿಸಿದ್ದಿದ್ರೆ ಇವತ್ತು ಕಿರಣನಿಗೆ ಜೈಲು. ಆದ್ರೆ ಮುಟ್ಟೋ ಧೈರ್ಯ ಬರಲಿಲ್ಲ. ಬೆಳಗಿನಿಂದ ನಾವೂ ಮುಟ್ಟಲಿಲ್ಲ. ಎಲ್ಲರ ಕಣ್ಣೆದುರಿಗಿದ್ದ ಸಾಕ್ಷಿಯನ್ನ ಎಲ್ಲರೂ ಸುತ್ತು ಹಾಕ್ಕೊಂಡು ತಿರುಗಿದ್ವಿ."

"ಅದು ಚಿಕ್ಕಬೀರಯ್ಯನೂ ಆಗಬಹುದಲ್ಲ?" ಸೋಮಶೇಖರನ ದನಿ ಏರಿತು.

"ಅವನ ಹತ್ತಿರ ಟಿಕಟಿಕ ಅನ್ನೋ ಸೈಕಲ್ ಇಲ್ಲ. ಸದ್ದು ಮಾಡೋ ಸೈಕಲ್ ಇದ್ದದ್ದು ಮೂವರ ಹತ್ತಿರ. ಒಬ್ಬರು ಆಸ್ಪತ್ರೇಲಿದ್ದಾರೆ. ಇನ್ನೊಬ್ಬರು ಮೊರದ ಮೇಲೇ ಗಾಲಿ ಹಾಯಿಸಿದರು. ಉಳಿದವರು ನೀವು. ಶಂಕರ್, ಅವರ ಸೈಕಲ್ಲಿನ ಚೀಲ ಬಿಚ್ಚಿ."

ಚೀಲ ಕೊಡವಿದಾಗ ಬಿದ್ದದ್ದು ಎರಡು ಟ್ಯೂಬು, ಒಂದು ಪಂಪು, ಮತ್ತೆ ಹಿಡಿಯಷ್ಟು ಸುಣ್ಣದ ಪುಡಿ.

ಸೋಮಶೇಖರ್ ಚೈತ್ರಳ ಕಡೆ ತಿರುಗಿದ. "ದಾರಿ ತಪ್ಪಲಿ ಅಂತ ಅಷ್ಟೇ ಕಣೆ. ಇವನ ದಾರಿ ಸರಿಯಿಲ್ಲ ಅಂತಾದ್ರೆ ನೀವೆಲ್ಲ ನಮ್ಮ ತೋಟದ ಕಡೆ ಬರ್ತೀರ ಅಂದ್ಕೊಂಡೆ. ಇಳಿಜಾರು ಮುಗಿದ ತಕ್ಷಣ ಕಂದಕ ಇದೆ ಅಂತ ನನಗೆ ಗೊತ್ತಿರಲಿಲ್ಲ."

"ಕಿರಣನಿಗೆ ಗೊತ್ತಿತ್ತು," ಎಂದಳು ಯಶೋಧರಾ. "ಅದಕ್ಕೇ ಅವನು ಎಡಕ್ಕೆ ಹಾಕಿದ್ದು."

ಸೋಮಶೇಖರನನ್ನು ಹತ್ತಿಸಿಕೊಂಡು ಜೀಪು ಹೊರಟಿತು. ಜನ ಕ್ಷಮೆಯನ್ನೇನೂ ಕೇಳಲಿಲ್ಲ. ಮೊದಲೇ ಗೊತ್ತಿತ್ತೆನ್ನುವ ಮುಖ ಮಾಡಿಕೊಂಡು ಚದುರಿದರು. ಆಗ ಚೈತ್ರಳ ಫೋನು ಬಡಿದುಕೊಂಡಿತು. ಮಾತು ಮುಗಿಸಿ ಅವಳು ಕಿರಣನ ಎದುರಿಗೆ ಬಂದು ನಿಂತಳು. ಹೊಡೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.

"ಅಕ್ಕನಿಗೆ ಎಚ್ಚರ ಆಗಿದೆ. ಕಾಲು ಆಡಿಸ್ತಿದ್ದಾಳಂತೆ."

ಕಿರಣ ಉಸಿರು ಬಿಟ್ಟ.

"ಬಾಣ ನೋಡಿದಾಗಲೇ ಅನುಮಾನ ಬಂತಂತೆ. ಬ್ರೇಕ್ ಹಿಡಿದು ನಿಂತಿದ್ದಳಂತೆ. ಆಮೇಲೆ..." ಚೈತ್ರ ತಡೆದಳು. "ಆಮೇಲೆ, ಕಿರಣ ಹಾಕಿರೋ ಬಾಣ ತಾನೇ, ಅವನು ತಪ್ಪಲ್ಲ ಅಂದ್ಕೊಂಡು ಬ್ರೇಕ್ ಬಿಟ್ಟಳಂತೆ."

ಕೆನ್ನೆಗೆ ಏಟು ಬಿದ್ದಾಗ ಅಳದವನು, ಊರೆಲ್ಲ ಗುಸುಗುಸು ಎಂದಾಗ ಅಳದವನು, ಈಗ ಜಲ್ಲಿಯ ಮೇಲೆ ಕುಕ್ಕರಿಸಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ.