ಬೂದ ನಿದ್ದೆ ಹೋದ ಮಧ್ಯಾಹ್ನ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಹೊನ್ನಗವಿ ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ಧವಳಸೇನನ ಒಬ್ಬನೇ ಮಗನನ್ನು ಕರಾಳಕೇತನೆಂಬ ಮಾಂತ್ರಿಕ ಮಾಯ ಮಾಡಿದ. “ನಿನ್ನ ಮಗ ಈ ಊರಿನ ಒಂದು ಬೀದಿನಾಯಿಯಲ್ಲಿ ಸೇರಿದ್ದಾನೆ. ಆ ನಾಯಿ ಯಾರ ಮನೆಯಲ್ಲಾದರೂ ಮೈಮರೆತು ನಿದ್ದೆ ಹೋದ ದಿನ ಬರುತ್ತಾನೆ” ಎಂದು ನಕ್ಕು ಹೊರಟುಹೋದ.

ದೊರೆ ಊರಾಚೆ ನಾಯಿಮನೆ ಕಟ್ಟಿಸಿ, ದಿಕ್ಕಿಲ್ಲದ ನಾಯಿಗಳನ್ನೆಲ್ಲ ಸೇರಿಸಿದ. ಮಗನನ್ನು ಮರಳಿ ತಂದವರಿಗೆ ಅರ್ಧ ರಾಜ್ಯ ಎಂದು ಡಂಗುರ ಸಾರಿಸಿದ. ಕೇಳಬೇಕೆ! ಎಂದೂ ನಾಯಿಗೆ ತುತ್ತು ಹಾಕದವರೂ ಹಗ್ಗ ಹಿಡಿದು ಬಂದರು. ಒಯ್ದರು, ಮೆತ್ತೆಯ ಮೇಲೆ ಮಲಗಿಸಿದರು, ಎವೆಯಿಕ್ಕದೆ ನೋಡುತ್ತ ಕೂತರು. ರಾಜಕುಮಾರ ಬರಲಿಲ್ಲವೆಂದು ತಂದು ಬಿಟ್ಟರು. ಹಾಗೆ ದುರುಗುಟ್ಟಿ ನೋಡಿದರೆ ಯಾವ ಪ್ರಾಣಿಗೆ ನಿದ್ದೆ ಬಂದೀತು?

ಒಂದು ದಿನ ಕಂಬಳಿ ನೇಯುವ ಹಾಲಪ್ಪ ಬಂದ. ತಂದೆತಾಯಿ ಇಲ್ಲದ ಅವನ ಮನೆಯಲ್ಲಿ ಮಗ್ಗದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

“ನಿಂಗೂ ರಾಜಕುಮಾರ ಬೇಕೇನಪ್ಪಾ?” ಎಂದಳು ನಾಯಿಮನೆ ನೋಡಿಕೊಳ್ಳುವ ಮುದುಕಿ ಕೆಂಚವ್ವ.

“ಬೇಡವ್ವ, ಅವನಿಗೆ ಉಣ್ಣೋಕೆ ಇಡಕ್ಕೆ ನನ್ನತ್ರ ಏನಿದೆ? ನಾಯಿ ಸಾಕು. ಮನೇಲಿ ಒಂದು ಜೀವ ಓಡಾಡಿಕೊಂಡಿರಲಿ.”

ಮೂಲೆಯಲ್ಲಿ ಕಿವಿ ಹರಿದ ನಾಯಿಯೊಂದು ಗೋಡೆಗೆ ಮುಖ ಮಾಡಿ ಕೂತಿತ್ತು. “ಇದು ಬೂದ. ಸೆಟ್ರು ಒಯ್ದು ತಂದ್ರು, ದಳವಾಯಿ ಒಯ್ದು ತಂದ್ರು, ಪುರೋಹಿತರು ಒಯ್ದು ತಂದ್ರು. ಈಗ ಯಾರನ್ನೂ ನೋಡಲ್ಲ. ಒಯ್ದರೆ ಮತ್ತೆ ತರಬ್ಯಾಡ ಮಗಾ.”

“ತರಲ್ಲವ್ವ.”

ಮನೆ ತಲುಪಿದರೂ ಬೂದ ಹೊಸ್ತಿಲು ದಾಟಲಿಲ್ಲ. ಹಾಲಪ್ಪ ಎಳೆಯಲಿಲ್ಲ, ತನ್ನ ಕಂಬಳಿಯನ್ನೇ ಅಂಗಳಕ್ಕೆ ತಂದು ಹಾಸಿದ. ಬಿಸಿಲು ಬಂತು, ಚಳಿ ಬಂತು. ಒಂದು ಬೆಳಿಗ್ಗೆ ಬೂದ ತಾನಾಗಿಯೇ ಒಳಗೆ ಕಾಲಿಟ್ಟಿತು. ಅಂಗಳದ ಒಣ ನುಗ್ಗೆಮರ ಆ ಕ್ಷಣವೇ ಹೂಬಿಟ್ಟಿತು.

ಯಾರಾದರೂ ನೋಡುತ್ತಿದ್ದರೆ ಬೂದ ತಿನ್ನುತ್ತಿರಲಿಲ್ಲ. ಹಾಲಪ್ಪ ಗೋಡೆಗೆ ತಿರುಗಿ ತಾನೂ ಉಂಡ. ಬೆನ್ನ ಹಿಂದೆ ಲೊಚಲೊಚ ಸದ್ದು ಕೇಳಿದಾಗ ಹಿತ್ತಲಿನ ಬತ್ತಿದ ಬಾವಿ ಕಂಠಮಟ್ಟ ತುಂಬಿತು.

ಆದರೆ ನಿದ್ದೆ? ಒಂದು ಕಣ್ಣು ಸದಾ ತೆರೆದೇ ಇರುತ್ತಿತ್ತು. ಹಾಲಪ್ಪ ತನ್ನ ಪಾಡಿಗೆ ತಾನು ನೇಯುತ್ತಿದ್ದ. ಒಂದು ಮಧ್ಯಾಹ್ನ ಬೂದ ಬಂದು ಅವನ ಪಾದದ ಮೇಲೆ ತಲೆಯಿಟ್ಟಿತು. ರೆಪ್ಪೆ ಭಾರವಾಗತೊಡಗಿತು. ಆಗ ಗೋಡೆಯೊಳಗಿಂದ ಕರಾಳಕೇತ ಇಳಿದು ಬಂದ.

“ಎಬ್ಬಿಸೋ ಹುಚ್ಚಪ್ಪ! ರಾಜಕುಮಾರ ಇರೋದು ಇದರಲ್ಲೇ. ಇದು ನಿದ್ದೆ ಹೋದರೆ ನಾಯಿ ಇಲ್ಲವಾಗಿ ಅವನು ಬರ್ತಾನೆ. ಕಾಲು ಒಂಚೂರು ಅಲ್ಲಾಡಿಸು ಸಾಕು, ಬೂದ ನಿನ್ನ ಹತ್ರಾನೇ ಇರುತ್ತೆ.”

ಹಾಲಪ್ಪನಿಗೆ ಅರ್ಧ ರಾಜ್ಯ ಬೇಕಿರಲಿಲ್ಲ, ಬೂದ ಬೇಕಿತ್ತು. ಕಾಲು ಜೋಮು ಹಿಡಿದಿತ್ತು, ಅಲ್ಲಾಡಿಸುವುದು ಎಷ್ಟು ಸುಲಭ!

“ಪಾಪ, ಎಷ್ಟು ಕಾಲದಿಂದ ನಿದ್ದೆ ಕಂಡಿಲ್ಲವೋ ಇದು. ಮಲಗಲಿ,” ಎಂದ. ಬಿಕ್ಕಿದರೆ ಎಚ್ಚರವಾದೀತೆಂದು ಕಂಬಳಿಯನ್ನು ಬಾಯಿಗೊತ್ತಿಕೊಂಡು ಅತ್ತ.

ಬೂದ ಎರಡೂ ಕಣ್ಣು ಮುಚ್ಚಿತು. ಗೊರಕೆ ಹೊಡೆಯಿತು.

ಮನೆಯ ಮಾಡು ನೀರಿನಂತೆ ತಿಳಿಯಾಯಿತು. ಹಗಲಿನ ಆಕಾಶದಲ್ಲಿ ನಕ್ಷತ್ರಗಳೆಲ್ಲ ಮೂಡಿ ಕೆಳಗೆ ಬಗ್ಗಿ ನೋಡಿದವು. ಕರಾಳಕೇತ ಮಳೆಗೆ ಸಿಕ್ಕ ಉಪ್ಪಿನಂತೆ ಕರಗಿಹೋದ. ಬೂದನ ನೆರಳು ಮೆಲ್ಲಗೆ ನೆಲ ಬಿಟ್ಟು ಎದ್ದು ನಿಂತಿತು. ನೆರಳಿಗೆ ಮುಖ ಬಂತು, ಕೈ ಬಂತು, ಉಸಿರು ಬಂತು. ರಾಜಕುಮಾರ ನಿಂತಿದ್ದ. ಬೂದ ಅಲ್ಲೇ ಮಲಗಿತ್ತು, ಬೆಚ್ಚಗೆ, ಹಾಲಪ್ಪನ ಪಾದದ ಮೇಲೆ.

“ಆ ಮಾಂತ್ರಿಕ ಹೇಳಿದ್ದು ಸುಳ್ಳು. ನನ್ನನ್ನು ಇದರ ನೆರಳಲ್ಲಿ ಬಚ್ಚಿಟ್ಟಿದ್ದ. ಇಷ್ಟು ವರ್ಷ ನನ್ನನ್ನು ಹೊತ್ತು ತಿರುಗಿದ್ದು ಇದು,” ಎಂದು ಪಿಸುಗುಟ್ಟಿದ ರಾಜಕುಮಾರ ನಾಯಿಗೆ ಕೈಮುಗಿದ.

ಸುದ್ದಿ ತಿಳಿದು ದೊರೆ ಆನೆ, ನಗಾರಿ, ಊರು ಸಮೇತ ಓಡಿ ಬಂದ. ಮಗ ಬಾಗಿಲಲ್ಲಿ ತುಟಿಗೆ ಬೆರಳಿಟ್ಟು ನಿಂತಿದ್ದ. ನಗಾರಿಗಳು ನಿಂತವು. ಆನೆಗಳು ಸೊಂಡಿಲು ಮಡಚಿಕೊಂಡವು. ದೊರೆ ಕೆರ ಬಿಟ್ಟು ತುದಿಗಾಲಲ್ಲಿ ಬಂದು, ಸದ್ದಿಲ್ಲದೆ ಮಗನನ್ನು ತಬ್ಬಿಕೊಂಡು, ಹಾಗೇ ನೆಲದ ಮೇಲೆ ಕೂತ.

ಊರವರು ನಾಯಿಮನೆಗೆ ಹೋಗಿ ತಾವು ಬಿಟ್ಟುಬಂದ ನಾಯಿಗಳನ್ನು ಮನೆಗೆ ಕರೆತಂದರು. ಹಾಲಪ್ಪನ ಮನೆ ಮಾತಿನಿಂದ ತುಂಬಿತು. ಹೊನ್ನಗವಿಯಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿ ಬಾಳಿದರು. ಆದರೆ ಅದೆಲ್ಲ ಆದದ್ದು ಬೂದ ಎದ್ದ ಮೇಲೆ.