ಬೇವಿನ ಮರದ ಹತ್ತಿರದ ಕಲ್ಲುಗಳು

ಟ್ರಿಣ್.

ಸರಿರಾತ್ರಿಯಲ್ಲಿ ಸೈಕಲ್ ಗಂಟೆ ಕೇಳಿ ಪ್ರಾಚಿ ಎದ್ದು ಕೂತಳು. ಕಿಟಕಿಯಾಚೆ ಬೀದಿ ಖಾಲಿ. ಅಪಘಾತವಾದಂದಿನಿಂದ ದಿನವೂ ಹೀಗೇ.

ಆ ಸಂಜೆ ಜಿನೇಶನಿಗೆ ಫೋನ್ ಮಾಡಿದವಳು ಅವಳೇ. "ಹೊತ್ತು ಮುಳುಗೂದ್ರಾಗ ಬಾ. ಆಮ್ಯಾಲ ನೀನೂ ಉಣ್ಣಂಗಿಲ್ಲ, ನಾನೂ ಉಪಾಸ." ಇಬ್ಬರೂ ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆಯವರು.

ಅವನು ಕಾಲುವೆ ದಂಡೆಗೆ ಓಡಿಬಂದಿದ್ದ, ಕೈತುಂಬ ಗ್ರೀಸ್. "ಸಾವಳಗಿ ರಸ್ತಾದಾಗ, ಬೇವಿನ ಗಿಡದ ಹಂತ್ಯಾಕ ಕಬ್ಬಿನ ಟ್ರಾಲಿ ಪಂಕ್ಚರ್ ಆಗಿತ್ತು. ಗಾಲಿ ಬದಲಿ ಮಾಡಿದಾಂವ ಹಂಗ ಬಂದೆ."

"ಈ ಕೈಲೆ ಉಣ್ತಿಯೇನು?"

"ನೀ ತಿನಿಸು ಮತ್ತ."

ಅತ್ತಿತ್ತ ನೋಡಿ, ರೊಟ್ಟಿ ಮುರಿದು ಅವನ ಬಾಯಿಗಿಟ್ಟಳು. ಬೆರಳ ತುದಿಗೆ ತುಟಿ ತಾಗಿತು. ಸೂರ್ಯ ಕಬ್ಬಿನ ಗರಿಗಳ ಹಿಂದೆ ಇಳಿದ.

ಪ್ರಾಚಿ ಒಬ್ಬಳೇ ಮರಳುವಾಗ, ಅದೇ ಬೇವಿನ ಮರದ ಹತ್ತಿರ, ಕಾರಿನ ಬೆಳಕಿಗೆ ಗುಂಡುಕಲ್ಲುಗಳು ಕಂಡವು. ಕೆಟ್ಟು ನಿಂತ ಟ್ರಾಲಿಯ ಹಿಂದೆ ಗುರುತಿಗೆ ಇಡುವಂಥವು. ಟ್ರಾಲಿ ಇರಲಿಲ್ಲ, ಕಲ್ಲುಗಳಷ್ಟೇ. ಅವಳು ಸ್ಟೇರಿಂಗ್ ತಿರುವಿದಳು. ಎದುರಿಗೆ ಸೈಕಲ್ ಮೇಲೆ ಮುದುಕ ಜಕ್ಕಪ್ಪ.

ಬಿದ್ದವನಿಗೆ ಮಾತು ಹೊರಡಲಿಲ್ಲ. ಗಂಟೆಯನ್ನಷ್ಟೇ ಒತ್ತುತ್ತಿದ್ದ. ಟ್ರಿಣ್. ಟ್ರಿಣ್. ಪ್ರಾಚಿ ಮೊದಲು ಕಲ್ಲುಗಳನ್ನೆಲ್ಲ ತಗ್ಗಿಗೆ ಉರುಳಿಸಿದಳು. ಆಮೇಲೆ ಪೊಲೀಸರಿಗೆ ಫೋನ್ ಮಾಡಿದಳು.

ಗಂಟೆ ಕೇಳಿ ಎದ್ದು ಕೂತ ಈ ರಾತ್ರಿ ಬೆಳಗಾದ ಮೇಲೆ ಹೇಳಿಕೆ ಕೊಡಲು ಠಾಣೆಗೆ ಹೋದಳು.

"ರಸ್ತಾಕ್ಕ ಅಡ್ಡ ಏನರ ಇತ್ತೇನ್ರೀ?" ಎಎಸ್‌ಐ ಚನಮಲ್ಲಪ್ಪ ಕೇಳಿದ.

"ಏನಿಲ್ರಿ. ತಪ್ಪು ನಂದ. ಜೋರು ಹೊಂಟಿದ್ದೆ."

"ಹಿಂಗಂದ್ರ ಕೇಸ್ ನಿಮ್ಮ ಮ್ಯಾಲ ಆಕ್ಕೈತ್ರಿ."

"ಆಗಲಿ, ಬರಕೋರಿ."

ಅವನು ಪೆನ್ನು ಹುಡುಕುತ್ತ ಅಂದ, "ಈಟು ಲಗೂ ದವಾಖಾನಿಗಿ ಒಯ್ದಿದ್ರ ಮುದುಕನ ಕಾಲು ಉಳೀತಿತ್ತಂತ. ಗಂಟಿ ಬಾರ್ಸಿದ್ದಷ್ಟ ನೆನಪೈತಂತ ಅಂವಗ."

ಗೇಟಿನ ಹೊರಗೆ ಜಿನೇಶ ನಿಂತಿದ್ದ. ಕಣ್ಣು ಕೆಂಪಾಗಿದ್ದವು.

"ಪ್ರಾಚಿ, ಆ ಕಲ್ಲ ತಗದೆನೋ ಇಲ್ಲೋ, ನೆನಪಾಗವಲ್ದು. ಖರೆ ಹೇಳು. ಇದ್ದವಂದ್ರ ಈಗ ಒಳಗ ಹೋಗಿ ಒಪ್ಕೊಂತೇನಿ."

ಅವನ ಉಗುರಂಚಿನಲ್ಲಿ ಗ್ರೀಸ್ ಇನ್ನೂ ಕಪ್ಪಾಗಿ ಉಳಿದಿತ್ತು. ಅವಳು ಅದನ್ನೇ ನೋಡಿದಳು.

"ತಗದಿದ್ದಿ. ನಾ ಅದ ದಾರಿಲೆ ಬಂದೆನಲ್ಲ, ಒಂದೂ ಇರಲಿಲ್ಲ."

ಅವನ ಭುಜಗಳು ಇಳಿದವು. ನಗು ಬಂತು. "ಹಂಗಾರ ಅಪ್ಪನ್ನ ಕರ್ಕೊಂಡು ನಿಮ್ಮ ಮನಿಗಿ ಬರ್ತೇನಿ. ಕೇಸ್ ಇದ್ದಾಕಿನ್ನ ನನ್ನ ಬಿಟ್ರ ಯಾಂವ ಮಾಡ್ಕೊಂತಾನ?"

"ದೊಡ್ಡ ಉಪಕಾರ ಆತು ಬಿಡಪಾ!" ಅವಳೂ ನಕ್ಕಳು.

ಬೆನ್ನ ಹಿಂದೆ ಯಾವುದೋ ಸೈಕಲ್ ಗಂಟೆ ಬಾರಿಸಿತು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಪ್ರಾಚಿ ತಿರುಗಿ ನೋಡಲಿಲ್ಲ. ಯಾರಿಗೂ ಹೇಳುವುದಿಲ್ಲ, ಇವನಿಗಂತೂ ಎಂದೂ ಇಲ್ಲ ಎಂದುಕೊಂಡು, ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದಳು.