ಹದಿನಾರು ಕಡೆ ಬರೆದ ಸಾಲು

“ಯಾರ್ರೀ ನೀವು? ನನ್ನ ಪ್ರೋಗ್ರಾಂ ಮುಟ್ಟಬೇಡಿ!”

ಮುಂಬಯಿಯ ಅಂಧೇರಿಯ ಕಂಪ್ಯೂಟರ್ ಆಫೀಸಿನಲ್ಲಿ ಪೂವಪ್ಪನಿಗೆ ಅದು ಮೊದಲ ದಿನ. ಪಾಪ, ಕೆಳಗೆ ಬಿದ್ದಿದ್ದ ಪ್ರಿಂಟೌಟ್ ಎತ್ತಿಕೊಟ್ಟಿದ್ದನಷ್ಟೇ. ಕೌಸಲ್ಯಾಳ ಕಣ್ಣು ಕೆಂಡ!

“ಆಯ್ತು ಮಾರಾಯ್ರೆ, ಮುಟ್ಟುವುದಿಲ್ಲ,” ಎಂದು ನಕ್ಕ.

ಆ ನಗು ಅವಳಿಗೆ ಹಿಡಿಸಿತ್ತು. ಆದರೆ ಜಂಬದ ಹುಡುಗಿ, ಹೇಳುತ್ತಾಳೆಯೇ?

ವಿಮಾನದ ಟಿಕೆಟ್ ಮುದ್ರಿಸುವ ಪ್ರೋಗ್ರಾಂಗಳು ಅವರವು. ತಾರೀಖು ಸರಿಯೇ ಎಂದು ನೋಡುವ ಭಾಗವನ್ನು ಬರೆದವಳು ಕೌಸಲ್ಯಾ. ಉಳಿದವರು ಅದನ್ನೇ ನಕಲು ಮಾಡಿ ಇನ್ನೂ ಹದಿನಾರು ಪ್ರೋಗ್ರಾಂಗಳಿಗೆ ಸೇರಿಸಿದ್ದರು. ಆ ಹದಿನಾರನ್ನು ನೋಡಿಕೊಳ್ಳುವ ಕೆಲಸ ಪೂವಪ್ಪನದಾಯಿತು.

1988ರ ಫೆಬ್ರವರಿ ಇಪ್ಪತ್ತೊಂಬತ್ತು. ಕೌಸಲ್ಯಾಳ ಪ್ರೋಗ್ರಾಂ ಒಂದೇ ನಿಂತುಹೋಯಿತು! ಅದರಿಂದ ಒಂದು ಟಿಕೆಟೂ ಹೊರಬರಲಿಲ್ಲ.

“ಅದನ್ನು ಮುಟ್ಟಿದ್ದು ನಾನು ಸಾರ್. ತಪ್ಪು ನನ್ನದೇ,” ಎಂದ ಪೂವಪ್ಪ, ಮ್ಯಾನೇಜರ್ ಮುಂದೆ.

“ಮುಟ್ಟಬೇಡಿ ಅಂತ ಹೇಳಿರ್ಲಿಲ್ವಾ? ಇನ್ನು ನನಗೆ ಮುಖ ತೋರಿಸ್ಬೇಡಿ!” ಕೌಸಲ್ಯಾ ಎಲ್ಲರೆದುರು ಕೂಗಿದಳು.

ಅವನು ತೋರಿಸಲಿಲ್ಲ. ಕೆಲಸ ಬಿಟ್ಟು ಹೋದ. ಅವಳ ಹಳೆಯ ಪ್ರತಿಯನ್ನೇ ಮತ್ತೆ ಹಾಕಿದರು. ಮಾರ್ಚ್ ಒಂದಕ್ಕೆ ಎಲ್ಲ ನಡೆಯಿತು, ಯಾರೂ ಕೆದಕಲಿಲ್ಲ.

ಎರಡು ವರ್ಷದ ಮೇಲೆ, ಹದಿನೇಳು ಪ್ರತಿಗಳನ್ನು ಸೇರಿಸಿ ಒಂದೇ ಮಾಡುವ ಕೆಲಸ ಅವಳ ಪಾಲಿಗೇ ಬಂತು. ಪ್ರಿಂಟೌಟ್‌ಗಳನ್ನು ಸಾಲಾಗಿ ಹರಡಿ ನೋಡಿದಳು.

ಹದಿನಾರರಲ್ಲಿ ಒಂದು ಸಾಲು ಹೆಚ್ಚಿತ್ತು... ಅಧಿಕ ವರ್ಷದಲ್ಲಿ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ಪಕ್ಕದಲ್ಲಿ ಪೂವಪ್ಪನ ಹೆಸರು, 1987ರ ಡಿಸೆಂಬರ್. ಅವಳದರಲ್ಲಿ ಮಾತ್ರ ಆ ಸಾಲಿಲ್ಲ!

‘ಅಯ್ಯೋ... ಅವರು ನನ್ನದನ್ನು ಮುಟ್ಟೇ ಇರಲಿಲ್ಲ. ತಪ್ಪು ನನ್ನದು!’

ಮ್ಯಾನೇಜರಿಗೆ ನಿಜ ಹೇಳಿ, ಪೂವಪ್ಪನ ವಿಳಾಸ ಪಡೆದವಳೇ ಲೋಕಲ್ ರೈಲು ಹತ್ತಿದಳು. ದಾದರ್‌ನಲ್ಲಿ ಗಾಡಿ ಬದಲಿಸಿ ಭಾಂಡುಪ್‌ಗೆ ಬರುವಷ್ಟರಲ್ಲಿ ಕರವಸ್ತ್ರ ಒದ್ದೆಯಾಗಿತ್ತು.

ಪೂವಪ್ಪ ಸೋದರಮಾವನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಬೇರೆ ಯಾವ ಆಫೀಸೂ ಅವನನ್ನು ಸೇರಿಸಿಕೊಂಡಿರಲಿಲ್ಲ. ಕೈ ತುಂಬ ಸುಟ್ಟ ಕಲೆ.

“ಯಾಕ್ರೀ ನನಗೆ ಹೇಳ್ಲಿಲ್ಲ?”

“ಹೇಳ್ಬೇಕು ಅಂತ ದಿನಾ ನಿಮ್ಮ ಟೇಬಲ್ ಹತ್ರ ಬರ್ತಿದ್ದೆ. ನಿಮ್ಮನ್ನು ಕಂಡ್ರೆ ಬೇರೆಯೇ ಮಾತು ಬಾಯಿಗೆ ಬರ್ತಿತ್ತು... ಕಡೆಗೆ ಎರಡೂ ಹೇಳ್ಲಿಕ್ಕೆ ಆಗ್ಲಿಲ್ಲ.”

“ಹದಿನಾರು ಕಡೆ ಬರೆದ್ರಿ. ಹೇಳ್ಬೇಕಾದ ಒಂದು ಕಡೆ...” ಅವಳು ಅವನ ಕೈಯ ಕಲೆಗಳನ್ನು ನೋಡಿದಳು. “ನಿಮ್ಮ ಎರಡು ವರ್ಷ ನನ್ನಿಂದ ಹಾಳಾಯ್ತು.”

“ಹೋದದ್ದು ಹೋಯ್ತು. ಆ ಸಾಲು ಹಾಕಿದ್ರಾ?”

“ಇಲ್ಲ. ನೀವೇ ಬಂದು ಹಾಕಿ.”

“ನಿಮ್ಮ ಪ್ರೋಗ್ರಾಂ ಮುಟ್ಟಬಹುದಾ?”

ಅವಳು ಅಳುತ್ತಲೇ ಆ ಸುಟ್ಟ ಕೈ ಹಿಡಿದುಕೊಂಡಳು. “ಮೊದಲು ಆ ಬೇರೆ ಮಾತು ಹೇಳಿ.”

“ಗೊತ್ತುಂಟಲ್ಲ ನಿಮಗೆ...”

“ಗೊತ್ತು. ಆದ್ರೂ ಹೇಳಿ. ಒಂದೇ ಸಲ ಸಾಕು.”

ಕಾವಲಿಯ ಮೇಲೆ ದೋಸೆ ಸೀಯುತ್ತಿತ್ತು. ಅವನು ಹೇಳಿದ.